ರಾತ್ರಿ ಒಂಬತ್ತರ ಕರೆ ಮತ್ತು ನನ್ನ ದಿನದ ಅಂಚುಗಳು

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಸಪೋರ್ಟ್ ತಂಡದಲ್ಲಿ ನನ್ನ ಕೆಲಸ. ಅಮೆರಿಕದ ಪಶ್ಚಿಮ ಕರಾವಳಿಯ ಗ್ರಾಹಕರು ಬಳಸುವ ಹಣಪಾವತಿಯ ತಂತ್ರಾಂಶ ಹಗಲಿರುಳು ನಿಲ್ಲದಂತೆ ನೋಡಿಕೊಳ್ಳುವುದು ನಮ್ಮ ತಂಡದ ಹೊಣೆ. ಇಂಥ ಕೆಲಸದಲ್ಲಿರುವ ಅನೇಕರಂತೆ ನಾನೂ ‘ಕೆಲಸ ಜಾಸ್ತಿ, ಮನೆಗೆ ಸಮಯ ಸಿಗುತ್ತಿಲ್ಲ’ ಎಂದು ವರ್ಷಗಟ್ಟಲೆ ಹೇಳುತ್ತ ಬಂದಿದ್ದೆ. ಆ ಮಾತು ನಿಜವೇ ಆಗಿದ್ದರೂ ಅದರಿಂದ ಏನನ್ನು ಬದಲಾಯಿಸಬೇಕೆಂಬುದು ತಿಳಿಯುತ್ತಿರಲಿಲ್ಲ. ಕೆಲಸ ಬಿಡುವುದು, ಬೇರೆ ಕಂಪನಿ ಸೇರುವುದು, ಊರಿಗೆ ಹಿಂತಿರುಗುವುದು, ಹೀಗೆ ಮಾತು ಬಂದಾಗಲೆಲ್ಲ ದೊಡ್ಡ ತೀರ್ಮಾನಗಳೇ ಮುಂದೆ ಬಂದು, ಮನೆ ಸಾಲದ ಕಂತು ಮತ್ತು ಮಗಳ ಶಾಲೆಯ ವಿಚಾರ ಎದುರಾದೊಡನೆ ಅಲ್ಲಿಗೇ ನಿಂತುಹೋಗುತ್ತಿದ್ದವು. ಆ ತೀರ್ಮಾನಗಳನ್ನು ಪಕ್ಕಕ್ಕಿಟ್ಟು, ನನ್ನ ಕೈಯಳತೆಯಲ್ಲಿದ್ದ ಸಣ್ಣ ಸಂಗತಿಗಳನ್ನು ಒಂದೊಂದಾಗಿ ಬದಲಾಯಿಸತೊಡಗಿದ ಮೇಲೆ ಏನೇನಾಯಿತು, ಯಾವುದು ಉಳಿಯಿತು, ಯಾವುದು ಉಳಿಯಲಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ಬರೆದಿಡುವ ಕೆಲಸ. ಮಗಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ, ಕೆಲಸಕ್ಕೆ ಕೈಹಾಕಿದ ಹೊತ್ತನ್ನೂ ಅದರಿಂದ ಎದ್ದ ಹೊತ್ತನ್ನೂ ಕೆಲವು ವಾರ ಗುರುತು ಹಾಕಿಕೊಂಡೆ. ಲ್ಯಾಪ್‌ಟಾಪಿನ ಮುಂದೆ ಕೂತ ಸಮಯದ ಜೊತೆಗೆ, ಒಲೆಯ ಮುಂದೆ ನಿಂತು ಫೋನಿನಲ್ಲಿ ಓದಿದ ಸಂದೇಶಗಳೂ ಅದರಲ್ಲಿ ಸೇರಿದವು. ಕೂಡಿ ನೋಡಿದಾಗ ಹೆಚ್ಚಿನ ದಿನಗಳಲ್ಲಿ ಕೆಲಸ ಒಂಬತ್ತೂವರೆಯಿಂದ ಹತ್ತು ಗಂಟೆ ಆಗುತ್ತಿತ್ತು. ಅದು ಕಡಿಮೆಯೇನಲ್ಲ, ಆದರೆ ನಾನು ಅಂದುಕೊಂಡಿದ್ದ ಹದಿಮೂರು, ಹದಿನಾಲ್ಕು ಗಂಟೆಯೂ ಅಲ್ಲ. ಬೆಳಗಿನ ಏಳೂವರೆಗೆ ಶುರುವಾಗಿ ರಾತ್ರಿ ಹನ್ನೊಂದರವರೆಗೆ ಅದು ಚೂರುಚೂರಾಗಿ ಹರಡಿಕೊಂಡಿದ್ದುದೇ ನನ್ನನ್ನು ಹಣ್ಣು ಮಾಡಿತ್ತು. ನಡುನಡುವೆ ಬಿಡುವಿತ್ತು, ಆದರೆ ನೆಂಟರ ಮನೆಗೆ ಹೋಗಿ ಬರುವಷ್ಟು ಉದ್ದದ ಬಿಡುವು ಒಂದೂ ಇರಲಿಲ್ಲ. ಯುರೋಪಿನ ಒಕ್ಕೂಟದ 2003ರ ಕೆಲಸದ ಅವಧಿಯ ನಿರ್ದೇಶನದ ಪ್ರಕಾರ, ಪ್ರತಿ 24 ಗಂಟೆಯಲ್ಲಿ ಕೆಲಸಗಾರರಿಗೆ ಸತತ 11 ಗಂಟೆಯ ವಿಶ್ರಾಂತಿ ಸಿಗಬೇಕು. ನಮ್ಮ ದೇಶಕ್ಕೆ ಅದು ಅನ್ವಯಿಸುವುದಿಲ್ಲವಾದರೂ ಅಳೆಯಲು ನನಗೊಂದು ಅಳತೆಗೋಲು ಸಿಕ್ಕಿತು. ನನ್ನ ಹಾಳೆಗಳಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಅಂಥ ವಿಶ್ರಾಂತಿ ಸಿಕ್ಕ ಒಂದು ರಾತ್ರಿಯೂ ಕಾಣಲಿಲ್ಲ. ಹೀಗಾಗಿ ಒಟ್ಟು ಗಂಟೆಗಳನ್ನು ಇಳಿಸುವುದಕ್ಕೆ ಮೊದಲು, ದಿನದ ಎರಡು ಅಂಚುಗಳನ್ನು ಗಟ್ಟಿ ಮಾಡಿಕೊಳ್ಳಬೇಕೆಂದು ನಿರ್ಧರಿಸಿದೆ.

ಅಂಚನ್ನು ಮುರಿಯುತ್ತಿದ್ದ ಮೊದಲ ಸಂಗತಿ ರಾತ್ರಿ ಒಂಬತ್ತರ ಕರೆ. ಪಶ್ಚಿಮ ಕರಾವಳಿಯಲ್ಲಿ ಬೆಳಗಿನ 8.30 ಆದಾಗ ನಮ್ಮಲ್ಲಿ ರಾತ್ರಿ 9. ಅದೂ ಬೇಸಿಗೆಯಲ್ಲಿ ಮಾತ್ರ. ಅಮೆರಿಕದಲ್ಲಿ ಮಾರ್ಚ್‌ನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ, ನವೆಂಬರ್‌ನ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೂ ತಿರುಗಿಸುತ್ತಾರೆ. ನಮ್ಮಲ್ಲಿ ಆ ಪದ್ಧತಿಯಿಲ್ಲ. ಕರೆಯನ್ನು ಕ್ಯಾಲೆಂಡರಿನಲ್ಲಿ ಹಾಕಿದ್ದವರು ಅವರಾದ್ದರಿಂದ ಅದು ಅವರ ಗಡಿಯಾರಕ್ಕೆ ಕಟ್ಟುಬಿದ್ದಿತ್ತು. ನವೆಂಬರ್ ಬಂತೆಂದರೆ ಅವರಿಗೆ ಅದೇ ಎಂಟೂವರೆ, ನಮಗೆ ಮಾತ್ರ ರಾತ್ರಿ ಹತ್ತು. ಮುಗಿಯುವಾಗ ಹತ್ತೂವರೆ ದಾಟಿ, ಕರೆಯಲ್ಲಿ ಕೇಳಿದ ಸಮಸ್ಯೆ ತಲೆಯಲ್ಲಿ ಕುದಿಯುತ್ತಿರುವಾಗ ನಿದ್ದೆ ಬರುವುದಾದರೂ ಹೇಗೆ? ಮಗಳು ಮಲಗುವ ಹೊತ್ತಿಗೆ ಸರಿಯಾಗಿ ನಾನು ಹೆಡ್‌ಫೋನ್ ಹಾಕಿಕೊಂಡು ಇನ್ನೊಂದು ಕೋಣೆಗೆ ಹೋಗಬೇಕಾಗುತ್ತಿತ್ತು.

‘ಈ ಕರೆ ಬೇಡ’ ಎಂದು ಹೇಳಿದರೆ ಯಾರೂ ಒಪ್ಪುವುದಿಲ್ಲ ಎಂಬುದು ಗೊತ್ತಿತ್ತು. ಆದ್ದರಿಂದ ಆ ಕರೆಯಲ್ಲಿ ನಿಜವಾಗಿ ಏನು ನಡೆಯುತ್ತದೆಂಬುದನ್ನು ಗಮನಿಸಿದೆ. ಹೆಚ್ಚಿನ ದಿನಗಳಲ್ಲಿ ನಡೆಯುತ್ತಿದ್ದುದು, ಹಗಲು ನಾವು ಮಾಡಿದ್ದನ್ನು ಅವರಿಗೆ ಒಪ್ಪಿಸುವ ಕೆಲಸ. ಅದನ್ನು ಬರೆದು ತಿಳಿಸಬಹುದಿತ್ತು. ಸಂಜೆ ಏಳಕ್ಕೆ ಮೊದಲು ಒಂದು ಹಸ್ತಾಂತರ ಟಿಪ್ಪಣಿ ಬರೆಯುವುದನ್ನು ರೂಢಿ ಮಾಡಿಕೊಂಡೆ. ಅದರಲ್ಲಿ ಪ್ರತಿ ಸಮಸ್ಯೆಗೂ ಒಂದೇ ಕ್ರಮ: ಏನಾಗಿದೆ, ಈಗ ಯಾರ ಕೈಯಲ್ಲಿದೆ, ಮುಂದಿನ ಹೆಜ್ಜೆ ಏನು, ಅದು ಯಾವಾಗ ಆಗಬೇಕು, ಯಾವುದನ್ನು ಮುಟ್ಟಬಾರದು. ಒಂದು ಉದಾಹರಣೆ ಕೊಡುತ್ತೇನೆ. ‘ಮರುಪಾವತಿಯ ಸಾಲು ಮಧ್ಯಾಹ್ನ 2ಕ್ಕೆ ನಿಂತಿತ್ತು, 2.40ಕ್ಕೆ ಮತ್ತೆ ಚಾಲೂ ಆಗಿದೆ. ಬಾಕಿ ಉಳಿದವು ತಾವಾಗಿಯೇ ಖಾಲಿಯಾಗುತ್ತಿವೆ. ನಿಮ್ಮ ಬೆಳಗಿನ 10ಕ್ಕೆ ಎಣಿಕೆ ಸೊನ್ನೆಗೆ ಬಂದಿದೆಯೇ ನೋಡಿ. ಬಾರದಿದ್ದರೆ ಸರ್ವರ್ ರೀಸ್ಟಾರ್ಟ್ ಮಾಡಬೇಡಿ, ಒಂದೇ ಪಾವತಿ ಎರಡು ಸಲ ಹೋಗುವ ಸಂಭವವಿದೆ, ಪಾಳಿಯಲ್ಲಿರುವವರನ್ನು ಎಬ್ಬಿಸಿ.’ ಈ ಕೊನೆಯ ವಾಕ್ಯವೇ ಟಿಪ್ಪಣಿಯ ಜೀವ. ಯಾವ ಸಂದರ್ಭದಲ್ಲಿ ನಮ್ಮನ್ನು ಎಬ್ಬಿಸಬಹುದೆಂದು ಬರೆದಾಗ, ಉಳಿದ ಸಂದರ್ಭಗಳಲ್ಲಿ ಎಬ್ಬಿಸುವ ಅಗತ್ಯವಿಲ್ಲವೆಂಬುದೂ ತಾನಾಗಿ ಸ್ಪಷ್ಟವಾಗುತ್ತದೆ.

ಯಾರ ಅನುಮತಿಯನ್ನೂ ಕೇಳದೆ ಒಂದು ತಿಂಗಳು ಟಿಪ್ಪಣಿ ಕಳಿಸಿದ ಬಳಿಕ, ಕರೆ ಪ್ರತಿದಿನ ಬೇಕೇ ಎಂಬ ಪ್ರಶ್ನೆಯನ್ನು ಮ್ಯಾನೇಜರ್ ಮುಂದಿಟ್ಟೆ. ಆ ವೇಳೆಗೆ ಕರೆ ಹತ್ತು ನಿಮಿಷಕ್ಕೇ ಮುಗಿದುಹೋಗುತ್ತಿತ್ತು. ಎಲ್ಲರೂ ಟಿಪ್ಪಣಿ ಓದಿಕೊಂಡೇ ಬರುತ್ತಿದ್ದರು. ವಾರಕ್ಕೆ ಐದರ ಬದಲು ಎರಡು ಕರೆ ಸಾಕೆಂದು ತೀರ್ಮಾನವಾಯಿತು. ಆ ಎರಡರಲ್ಲಿ ಒಂದನ್ನು ನಮ್ಮ ಬೆಳಗಿನ 7.30ಕ್ಕೆ ಇಡಲು ಕೇಳಿಕೊಂಡೆ. ಅದು ಅವರಿಗೆ ಹಿಂದಿನ ದಿನದ ಸಂಜೆ 7, ಚಳಿಗಾಲದಲ್ಲಿ 6. ಅವರ ಸಂಜೆಯನ್ನು ಒಂದು ದಿನ ಕೇಳಿಕೊಂಡು, ನಮ್ಮ ರಾತ್ರಿಯನ್ನು ಒಂದು ದಿನ ಕೊಡುವುದು ನ್ಯಾಯವೆಂದು ಆ ಕಡೆಯವರೂ ಒಪ್ಪಿದರು. ಈ ಎರಡು ಕರೆಗಳನ್ನೂ ನಾನೇ ಕ್ಯಾಲೆಂಡರಿನಲ್ಲಿ ಹೊಸದಾಗಿ ಸೃಷ್ಟಿಸಿ, ಸಮಯವಲಯದ ಜಾಗದಲ್ಲಿ ಭಾರತದ ಸಮಯವನ್ನೇ ಆರಿಸಿದೆ. ಪುನರಾವರ್ತನೆಯಾಗುವ ಸಭೆ ಯಾವ ವಲಯದಲ್ಲಿ ಹುಟ್ಟಿದೆಯೋ ಆ ವಲಯದ ಗಡಿಯಾರವನ್ನೇ ಅನುಸರಿಸುತ್ತದೆ. ಒಂದು ನಿಮಿಷದ ಈ ಕೆಲಸದಿಂದ ನವೆಂಬರ್‌ನಲ್ಲಿಯೂ ರಾತ್ರಿಯ ಕರೆ ಒಂಬತ್ತಕ್ಕೇ ಉಳಿಯಿತು. ವಿದೇಶದ ತಂಡಗಳೊಂದಿಗೆ ಕೆಲಸ ಮಾಡುವವರು ಬೇರೇನನ್ನು ಮಾಡದಿದ್ದರೂ ಇದೊಂದನ್ನು ಮಾಡಿಕೊಳ್ಳಬೇಕೆಂಬುದು ನನ್ನ ಒತ್ತಾಯದ ಸಲಹೆ.

ಮುಂದಿನದು ಫೋನು. ಆಂಡ್ರಾಯ್ಡ್ ಫೋನಿನಲ್ಲಿ ಕಚೇರಿಯ ಆ್ಯಪ್‌ಗಳನ್ನು ವರ್ಕ್ ಪ್ರೊಫೈಲ್ ಎಂಬ ಪ್ರತ್ಯೇಕ ವಿಭಾಗದಲ್ಲಿಡುವ ವ್ಯವಸ್ಥೆಯಿದೆ. ಅವುಗಳ ಮೇಲೆ ಸಣ್ಣ ಬ್ರೀಫ್‌ಕೇಸಿನ ಗುರುತು ಇರುತ್ತದೆ. ಒಂದು ಗುಂಡಿ ಒತ್ತಿದರೆ ಆ ವಿಭಾಗ ಪೂರ್ತಿ ವಿರಮಿಸಿ, ಆ್ಯಪ್‌ಗಳು ಬೂದುಬಣ್ಣಕ್ಕೆ ತಿರುಗುತ್ತವೆ, ಸಂದೇಶಗಳ ಸದ್ದು ನಿಲ್ಲುತ್ತದೆ. ನಮ್ಮ ಕಂಪನಿಯ ಫೋನ್ ನಿಯಮಗಳಿಂದಾಗಿ ಆ ವಿಭಾಗ ನನ್ನ ಫೋನಿನಲ್ಲಿ ಮೊದಲಿನಿಂದಲೂ ಇತ್ತು. ಸಂಜೆ ಏಳೂವರೆಗೆ ಅದನ್ನು ನಿಲ್ಲಿಸಿ, ಬೆಳಗ್ಗೆ ಕೆಲಸಕ್ಕೆ ಕೂತಾಗ ಮತ್ತೆ ಚಾಲೂ ಮಾಡುವುದು ಅಭ್ಯಾಸವಾಯಿತು. ಆದರೆ ಗುಂಡಿ ಒತ್ತುವುದಕ್ಕಿಂತ ಮುಖ್ಯವಾದ ಕೆಲಸವೆಂದರೆ ಅದನ್ನು ತಂಡಕ್ಕೆ ತಿಳಿಸಿದ್ದು. ‘ಏಳೂವರೆಯ ನಂತರ ಚಾಟ್ ನೋಡುವುದಿಲ್ಲ, ತುರ್ತಿದ್ದರೆ ಫೋನ್ ಮಾಡಿ’ ಎಂದು ನನ್ನ ಪ್ರೊಫೈಲಿನಲ್ಲಿ ಬರೆದು ಹಾಕಿದೆ. ಫೋನ್ ಮಾಡುವುದು ಚಾಟ್ ಕಳಿಸುವುದಕ್ಕಿಂತ ಸ್ವಲ್ಪ ಹೆಚ್ಚು ಸಂಕೋಚದ ಕೆಲಸ. ಆ ಸಂಕೋಚವನ್ನು ದಾಟಿ ಬಂದ ಕರೆಗಳು ಬಹಳ ಕಡಿಮೆ, ಬಂದವುಗಳಲ್ಲಿ ಹೆಚ್ಚಿನವು ನಿಜಕ್ಕೂ ತುರ್ತಿನವು.

ಪಾಳಿಯ ವಾರದಲ್ಲಿ, ಅಂದರೆ ರಾತ್ರಿಯ ತುರ್ತಿಗೆ ಏಳುವ ಸರದಿ ನನ್ನದಾದಾಗ, ಮಾತ್ರ ಈ ನಿಯಮ ನಡೆಯುವುದಿಲ್ಲ. ಆ ವಾರ ವ್ಯವಸ್ಥೆಯೇ ಎಚ್ಚರಿಕೆಯ ಗಂಟೆ ಬಾರಿಸಿ ನಮ್ಮನ್ನು ಎಬ್ಬಿಸುತ್ತದೆ, ಎಬ್ಬಿಸಲೇಬೇಕು. ಇಲ್ಲಿ ನನ್ನ ದಿನಚರಿಯನ್ನು ತಿದ್ದಿ ಪ್ರಯೋಜನವಿರಲಿಲ್ಲ, ಆ ಎಚ್ಚರಿಕೆಗಳನ್ನೇ ತಿದ್ದಬೇಕಿತ್ತು. ಹಳೆಯ ಎಚ್ಚರಿಕೆಗಳ ಪಟ್ಟಿ ತೆಗೆದು ನೋಡಿದಾಗ, ನಾವು ಎದ್ದು ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ತಾವೇ ಸರಿಹೋಗಿದ್ದವುಗಳೇ ಅದರಲ್ಲಿ ಹೆಚ್ಚಾಗಿದ್ದವು. ಡಿಸ್ಕಿನಲ್ಲಿ ಶೇ. 80ರಷ್ಟು ಜಾಗ ತುಂಬಿದೆ ಎಂಬುದನ್ನು ರಾತ್ರಿ ಮೂರಕ್ಕೆ ತಿಳಿದುಕೊಂಡು ಯಾರು ಏನು ಮಾಡಬೇಕು? ಅಂಥವನ್ನು ಬೆಳಗ್ಗೆ ನೋಡುವ ಟಿಕೆಟ್‌ಗಳಾಗಿ, ಅಂದರೆ ಮಾಡಬೇಕಾದ ಕೆಲಸದ ದಾಖಲೆಗಳಾಗಿ, ಬದಲಿಸಿದೆವು. ಕ್ಷಣಮಾತ್ರದ ಏರಿಳಿತಕ್ಕೆ ಕೂಗುತ್ತಿದ್ದವುಗಳಿಗೆ, ಸ್ಥಿತಿ ಹತ್ತು ನಿಮಿಷ ಹಾಗೆಯೇ ಮುಂದುವರಿದರೆ ಮಾತ್ರ ಎಬ್ಬಿಸಬೇಕೆಂಬ ಷರತ್ತು ಹಾಕಿದೆವು. ಹಣ ಎರಡು ಸಲ ಹೋಗುವ, ಪಾವತಿಯೇ ನಿಂತುಹೋಗುವ ಎಚ್ಚರಿಕೆಗಳನ್ನು ಮುಟ್ಟಲಿಲ್ಲ. ಎದ್ದವರು ತಕ್ಷಣ ಮಾಡಬೇಕಾದ ಕೆಲಸವೊಂದಿದ್ದರೆ ಮಾತ್ರ ಗಂಟೆ ಬಾರಿಸಬೇಕೆಂಬ ಒಂದೇ ಸೂತ್ರ ಹಿಡಿದು ಪಟ್ಟಿಯನ್ನು ಪೂರ್ತಿ ಸೋಸಲು ಬಿಡುವಿನ ಗಂಟೆಗಳಲ್ಲಿ ಎರಡು ಮೂರು ತಿಂಗಳು ಹಿಡಿಯಿತು. ತಂಡದಲ್ಲಿ ಇದರಷ್ಟು ಮೆಚ್ಚುಗೆ ಪಡೆದ ಬದಲಾವಣೆ ಇನ್ನೊಂದಿಲ್ಲ.

ಪ್ರಯಾಣದ ವಿಷಯದಲ್ಲಿ ಊರೇ ನನ್ನ ನೆರವಿಗೆ ಬಂತು. ನಮ್ಮ ಮನೆ ವಿಜಯನಗರದಲ್ಲಿ, ಕಚೇರಿ ವೈಟ್‌ಫೀಲ್ಡ್ ಕಡೆ. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ ಮೆಟ್ರೊ ಶುರುವಾದರೂ ಬೈಯಪ್ಪನಹಳ್ಳಿಯಲ್ಲಿ ಇಳಿದು, ಫೀಡರ್ ಬಸ್ ಹಿಡಿದು, ಮತ್ತೆ ರೈಲು ಹತ್ತಬೇಕಿತ್ತು. ಅದೇ ವರ್ಷ ಅಕ್ಟೋಬರ್ 9ರಂದು ನಡುವಿನ ಕೊಂಡಿ ತೆರೆದು ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಒಂದಾಯಿತು. ಕಂಪನಿಯ ಕ್ಯಾಬಿನಲ್ಲಿ ಕೂತಾಗ ಲ್ಯಾಪ್‌ಟಾಪ್ ತೊಡೆಯ ಮೇಲೇರುತ್ತಿತ್ತು. ಮೆಟ್ರೊದ ನೂಕುನುಗ್ಗಲಿನಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಸೀಟು ಸಿಕ್ಕರೆ ಪುಸ್ತಕ, ಸಿಗದಿದ್ದರೆ ರೇಡಿಯೊ ಅಥವಾ ಸುಮ್ಮನೆ ನಿಲ್ಲುವುದು. ಕಚೇರಿಗೂ ಮನೆಗೂ ನಡುವೆ ಎರಡಕ್ಕೂ ಸೇರದ ಒಂದು ಗಂಟೆ ಸಿಕ್ಕಿತು. ಮನೆಯಿಂದಲೇ ಕೆಲಸ ಮಾಡುವ ದಿನಗಳಲ್ಲಿ ಆ ಗಂಟೆಯಿರುವುದಿಲ್ಲ. ಆ ದಿನಗಳಲ್ಲಿ ಟಿಪ್ಪಣಿ ಕಳಿಸಿದ ಕೂಡಲೆ ಲ್ಯಾಪ್‌ಟಾಪನ್ನು ಬೀರುವಿನೊಳಗಿಟ್ಟು, ಚೀಲ ಹಿಡಿದು ತರಕಾರಿಗೆ ಹೊರಡುತ್ತೇನೆ. ಬೀರುವಿನ ಬಾಗಿಲು ತೆರೆಯುವಷ್ಟು ಶ್ರಮವೂ ‘ಒಂದು ಸಲ ನೋಡಿಬಿಡೋಣ’ ಎಂಬ ಚಪಲವನ್ನು ತಡೆಯಲು ಸಾಕಾಗುತ್ತದೆ.

ಇಷ್ಟಾದ ಮೇಲೆ ಸಂಜೆಗಳು ನನಗೆ ಸಿಗಬೇಕಿತ್ತು, ಸಿಗಲಿಲ್ಲ. ಕಚೇರಿ ಬಿಟ್ಟುಕೊಟ್ಟ ಹೊತ್ತನ್ನು ಅಡುಗೆಮನೆ ತೆಗೆದುಕೊಂಡಿತು. ಈ ಭಾಗವನ್ನು ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಕೆಲಸ ಮತ್ತು ಬದುಕಿನ ಸಮತೋಲನದ ಬಗೆಗಿನ ಮಾತುಗಳಲ್ಲಿ ‘ಬದುಕು’ ಎಂದರೆ ವಿಶ್ರಾಂತಿ ಎಂದೇ ಭಾವಿಸಿರುತ್ತಾರೆ. ಹೆಂಗಸರ ಮಟ್ಟಿಗೆ ಅದರ ದೊಡ್ಡ ಪಾಲು ಇನ್ನೊಂದು ಕೆಲಸ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ತೊಡಗಿದ ಗಂಡಸರು 97 ನಿಮಿಷ ಕೊಡುತ್ತಿದ್ದರು. ಹೆಂಗಸರ ಪಾಲು ಹತ್ತಿರ ಹತ್ತಿರ ಐದು ಗಂಟೆ. ಕಚೇರಿಯಿಂದ ನಾನು ಉಳಿಸಿಕೊಂಡದ್ದು ಹೆಚ್ಚೆಂದರೆ ಒಂದೂವರೆ ಗಂಟೆ.

ನನ್ನ ಗಂಡ ಕೆಲಸಗಳ್ಳರಲ್ಲ. ಹೇಳಿದ್ದನ್ನು ಮಾಡುತ್ತಿದ್ದರು. ಹೇಳಬೇಕಾಗಿತ್ತು ಎಂಬುದೇ ತೊಂದರೆ. ಯಾವ ದಿನ ಮಗಳ ಶಾಲೆಗೆ ಚಾರ್ಟ್ ಪೇಪರ್ ಬೇಕು, ಗ್ಯಾಸ್ ಯಾವಾಗ ಬುಕ್ ಮಾಡಬೇಕು, ಅತ್ತೆಯವರ ಬಿ.ಪಿ. ಮಾತ್ರೆ ಎಷ್ಟು ಉಳಿದಿದೆ, ನಾಳೆಯ ದೋಸೆಗೆ ಅಕ್ಕಿ ನೆನೆಹಾಕಿದೆಯೇ ಎಂಬುದೆಲ್ಲ ನನ್ನ ತಲೆಯಲ್ಲಿರಬೇಕಿತ್ತು. ಕಚೇರಿಯಲ್ಲಿ ಪಾಳಿ ವಾರ ವಾರಕ್ಕೆ ಬದಲಾಗುತ್ತದೆ. ಮನೆಯಲ್ಲಿ ನಾನು ವರ್ಷವಿಡೀ ಪಾಳಿಯಲ್ಲಿದ್ದೆ. ಇದನ್ನು ಅವರಿಗೆ ಹೀಗೆಯೇ ಹೇಳಿದೆ. ಅವರೂ ಇಂಥದೇ ಉದ್ಯೋಗದಲ್ಲಿರುವುದರಿಂದ ಮಾತು ಕೂಡಲೇ ತಲುಪಿತು.

ಒಂದು ಭಾನುವಾರ ಇಬ್ಬರೂ ಕೂತು ಮನೆಯ ಕೆಲಸಗಳನ್ನೆಲ್ಲ ಬರೆದೆವು. ‘ಅಡುಗೆ’ ಎಂದು ಒಂದೇ ಮಾತಿನಲ್ಲಿ ಬರೆಯದೆ, ಸಾಮಾನು ಮುಗಿದದ್ದನ್ನು ಗಮನಿಸುವುದು, ಏನು ಮಾಡಬೇಕೆಂದು ಯೋಚಿಸುವುದು, ತರುವುದು, ಹೆಚ್ಚುವುದು, ಬೇಯಿಸುವುದು, ಉಳಿದದ್ದನ್ನು ಎತ್ತಿಡುವುದು ಎಂದು ಬಿಡಿಸಿ ಬರೆದೆವು. ಆಮೇಲೆ ಹಂಚಿಕೊಂಡೆವು. ಯಾವುದನ್ನು ವಹಿಸಿಕೊಂಡರೂ ಯೋಚನೆಯಿಂದ ಮುಗಿತಾಯದವರೆಗೆ ಪೂರ್ತಿ ವಹಿಸಿಕೊಳ್ಳಬೇಕು, ಇನ್ನೊಬ್ಬರು ನೆನಪಿಸಬಾರದು, ತಪ್ಪು ಹುಡುಕಬಾರದು ಎಂಬುದು ಒಪ್ಪಂದ. ಬೆಳಗಿನ ತಿಂಡಿ, ಮಗಳ ಡಬ್ಬಿ, ಶಾಲೆಯ ವಾಟ್ಸ್ಆ್ಯಪ್ ಗುಂಪು ಅವರ ಪಾಲಿಗೆ ಬಂದವು. ರಾತ್ರಿಯ ಅಡುಗೆ, ಅತ್ತೆಯವರ ಔಷಧ ಮತ್ತು ಆಸ್ಪತ್ರೆ, ಮನೆಯ ಲೆಕ್ಕ ನನ್ನ ಪಾಲಿಗೆ. ಶಾಲೆಯ ಗುಂಪಿನಿಂದ ನಾನು ಹೊರಬಂದೆ. ಎಲ್ಲಕ್ಕಿಂತ ಕಷ್ಟವಾದದ್ದು ಅದು. ಆ ಗುಂಪಿನಲ್ಲಿದ್ದವರು ಬಹುತೇಕ ತಾಯಂದಿರೇ. ಮೊದಲ ಕೆಲವು ವಾರ ಅವರಲ್ಲೊಬ್ಬರು ನನಗೇ ಪ್ರತ್ಯೇಕವಾಗಿ ಸಂದೇಶ ಕಳಿಸುತ್ತಿದ್ದರು. ಪ್ರತಿ ಸಲವೂ ‘ಅವಳ ಅಪ್ಪನಿಗೆ ಕಳಿಸಿ’ ಎಂದು ಉತ್ತರಿಸಿದೆ. ಚಿತ್ರಾನ್ನಕ್ಕೆ ನನ್ನ ಗಂಡ ಹಾಕುವ ಒಗ್ಗರಣೆ ನನ್ನದಕ್ಕಿಂತ ಬೇರೆ, ಮಗಳಿಗೆ ಅದೇ ಈಗ ಹೆಚ್ಚು ಹಿಡಿಸಿದೆ. ಬೆಳಗಿನ 7.30ರ ಕರೆಗೆ ನಾನು ಗಾಬರಿಯಿಲ್ಲದೆ ಕೂರಲು ಸಾಧ್ಯವಾಗಿರುವುದು ಈ ಹಂಚಿಕೆಯಿಂದಲೇ.

ಇದೇ ಪಟ್ಟಿ ಮಾಡುವಾಗ ಇನ್ನೊಂದು ವಿಷಯವೂ ಎದುರಾಯಿತು. ನಮ್ಮ ಮನೆಯ ಪಾತ್ರೆ ತೊಳೆಯಲು, ನೆಲ ಒರೆಸಲು ಬರುವವರು ಇನ್ನೂ ಕೆಲವು ಮನೆಗಳಲ್ಲಿ ದುಡಿಯುತ್ತಾರೆ, ವಾರದ ರಜೆ ಎಂಬುದು ಅವರಿಗಿರಲಿಲ್ಲ. ನನ್ನ ಬಿಡುವು ಅವರ ಬಿಡುವಿಲ್ಲದ ದುಡಿಮೆಯ ಮೇಲೆ ನಿಲ್ಲುವುದು ನನಗೆ ಸರಿಕಾಣಲಿಲ್ಲ. ಭಾನುವಾರ ಸಂಬಳ ಸಹಿತ ರಜೆ ಎಂದು ತೀರ್ಮಾನಿಸಿ, ಆ ದಿನದ ಪಾತ್ರೆಗಳನ್ನು ನಾವೇ ತೊಳೆಯುತ್ತಿದ್ದೇವೆ. ಇದನ್ನು ಎಲ್ಲ ಮನೆಗಳೂ ಮಾಡಬೇಕು.

ಉಳಿದ ಬದಲಾವಣೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಾಫಿಯಲ್ಲಿರುವ ಕೆಫೀನಿನ ಅರ್ಧದಷ್ಟು ದೇಹದಿಂದ ಹೊರಹೋಗಲು ಸುಮಾರು ಐದು ಗಂಟೆ ಬೇಕಾಗುವುದರಿಂದ ಮಧ್ಯಾಹ್ನ ಮೂರರ ನಂತರ ಕಾಫಿ ಕುಡಿಯುವುದನ್ನು ನಿಲ್ಲಿಸಿದೆ. ಕರೆಯಿರುವ ರಾತ್ರಿಗಳಲ್ಲೂ ನಿದ್ದೆ ಬೇಗ ಹತ್ತುತ್ತಿದೆ. ಬೆಳಗ್ಗೆ ಐದಕ್ಕೆ ಏಳುವುದು, ಧ್ಯಾನದ ಆ್ಯಪ್, ದಿನಚರಿ ಬರೆಯುವುದು ಇವು ಯಾವುವೂ ಉಳಿಯಲಿಲ್ಲ. ಸಂಗೀತದ ತರಗತಿ ಉಳಿಯಿತು. ಯೋಚಿಸಿದಾಗ ವ್ಯತ್ಯಾಸ ಗೊತ್ತಾಯಿತು. ನನ್ನೊಳಗಿನ ಸಂಕಲ್ಪವಾಗಿಯೇ ಉಳಿದವನ್ನು ಮೊದಲ ಒತ್ತಡದ ವಾರವೇ ಕೊಚ್ಚಿಕೊಂಡು ಹೋಯಿತು. ಇನ್ನೊಬ್ಬರಿಗೆ ತಿಳಿದಿದ್ದವು, ಕ್ಯಾಲೆಂಡರಿನಲ್ಲೋ ಗೋಡೆಯ ಪಟ್ಟಿಯಲ್ಲೋ ಬರೆಹಕ್ಕೆ ಇಳಿದಿದ್ದವು, ಯಾರೋ ನನಗಾಗಿ ಕಾಯುತ್ತಿರುತ್ತಾರೆ ಎಂಬಂಥವು ಉಳಿದುಕೊಂಡವು. ಗುರುವಾರ ಸಂಜೆ ಆರೂವರೆಯಿಂದ ನನ್ನ ಕ್ಯಾಲೆಂಡರಿನಲ್ಲಿ ‘ಸಂಗೀತ ತರಗತಿ’ ಎಂದೇ ಎಲ್ಲರಿಗೂ ಕಾಣುತ್ತದೆ. ‘ಬಿಡುವಿಲ್ಲ’ ಎಂದಷ್ಟೇ ಹಾಕಿದ್ದಾಗ ಆ ಜಾಗಕ್ಕೆ ಸಭೆಗಳು ಬಂದು ಕೂರುತ್ತಿದ್ದವು; ಕಾರಣ ಬರೆದ ಮೇಲೆ ಬರುವುದಿಲ್ಲ.

ವೈಯಕ್ತಿಕ ಬದಲಾವಣೆಗಳಿಗೆ ಮಿತಿಯಿದೆ ಎಂಬುದನ್ನೂ ಹೇಳಲೇಬೇಕು. ನಮ್ಮ ತಂಡದಿಂದ ಇಬ್ಬರು ಹೊರಹೋಗಿ ಅವರ ಜಾಗಕ್ಕೆ ಯಾರೂ ಬಾರದಿದ್ದ ತಿಂಗಳುಗಳಲ್ಲಿ ಟಿಪ್ಪಣಿ, ಗುಂಡಿ, ಬೀರು ಯಾವುದೂ ಪೂರ್ತಿ ಕಾಪಾಡಲಿಲ್ಲ. ಜನ ಕಡಿಮೆಯಾದಾಗ ಬೇಕಾದದ್ದು ಜನವೇ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದಯದ ರಕ್ತನಾಳಗಳ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ಇದು ಒಬ್ಬೊಬ್ಬರ ಶಿಸ್ತಿಗೆ ಬಿಟ್ಟುಬಿಡುವ ವಿಚಾರವಲ್ಲ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯಿದೆ. 2024ರ ಜುಲೈನಲ್ಲಿ ಐಟಿ ವಲಯದ ದಿನದ ದುಡಿಮೆಯನ್ನು 14 ಗಂಟೆಗಳವರೆಗೆ ವಿಸ್ತರಿಸುವ ಪ್ರಸ್ತಾವ ಬಂದಾಗ ರಾಜ್ಯದ ಐಟಿ ನೌಕರರ ಸಂಘ ಕೆಐಟಿಯು ಅದನ್ನು ಬಲವಾಗಿ ವಿರೋಧಿಸಿತು. ಆ ವಿರೋಧ ಸರಿಯಾದದ್ದೇ ಎಂದು ನನ್ನ ದೃಢವಾದ ನಂಬಿಕೆ. ಫ್ರಾನ್ಸಿನಲ್ಲಿ 2017ರ ಜನವರಿ 1ರಿಂದ, 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಕೆಲಸದ ಹೊತ್ತು ಮೀರಿದ ಸಂದೇಶಗಳ ಬಗ್ಗೆ ನೌಕರರೊಂದಿಗೆ ಮಾತುಕತೆ ನಡೆಸಬೇಕೆಂಬ ಕಾನೂನಿದೆ. ನಾನು ಪ್ರೊಫೈಲಿನಲ್ಲಿ ಬರೆದುಕೊಂಡ ಒಂದು ಸಾಲಿಗೆ ಅಲ್ಲಿ ಕಾನೂನಿನ ಬೆಂಬಲವಿದೆ; ಇಲ್ಲಿ ಅದು ಮ್ಯಾನೇಜರ್ ಒಳ್ಳೆಯವರಾಗಿದ್ದರೆ ಮಾತ್ರ ನಡೆಯುತ್ತದೆ.

ಸದ್ಯಕ್ಕೆ ನಮ್ಮ ತಂಡಕ್ಕೆ ಒಬ್ಬರು ಹೊಸಬರು ಬಂದಿದ್ದಾರೆ. ಅವರ ತರಬೇತಿಯ ಮೊದಲ ವಾರದಲ್ಲೇ ಹಸ್ತಾಂತರ ಟಿಪ್ಪಣಿಯನ್ನೂ ಎಚ್ಚರಿಕೆಗಳ ಸೂತ್ರವನ್ನೂ ಸೇರಿಸಿದ್ದೇವೆ. ಪಾಳಿಯಲ್ಲಿದ್ದವರು ರಾತ್ರಿ ಹನ್ನೆರಡರ ನಂತರ ಎದ್ದು ಕೆಲಸ ಮಾಡಿದ್ದರೆ ಮರುದಿನ ಮಧ್ಯಾಹ್ನದವರೆಗೆ ರಜೆ, ಮತ್ತು ಅದು ಅವರ ರಜೆಯ ಲೆಕ್ಕದಿಂದ ಕಳೆಯಬಾರದು ಎಂಬ ಪ್ರಸ್ತಾವವನ್ನು ಎಲ್ಲರೂ ಸಹಿ ಹಾಕಿ ಮಾನವ ಸಂಪನ್ಮೂಲ ವಿಭಾಗಕ್ಕೆ ಕಳಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಬರುವವರೆಗೆ ಮ್ಯಾನೇಜರ್ ಒಪ್ಪಿಗೆಯ ಮೇಲೆ ತಂಡದೊಳಗೆ ಅದನ್ನು ಪಾಲಿಸುತ್ತಿದ್ದು, ಯಾರು ಯಾವ ರಾತ್ರಿ ಎಷ್ಟು ಹೊತ್ತು ಎದ್ದಿದ್ದರು ಎಂಬುದನ್ನು ಎಲ್ಲರಿಗೂ ಕಾಣುವ ಒಂದು ಹಾಳೆಯಲ್ಲಿ ಬರೆದಿಡುತ್ತಿದ್ದೇವೆ.